ಹದಿನೆಂಟು ಮೊಳ

ನಮ್ಮೂರಿನ ಗ್ರಂಥಾಲಯದಲ್ಲಿ ಯಾರಿಗೂ ತಮಗೆ ಬೇಕಾದ ಪುಸ್ತಕ ತಮ್ಮ ಕೈಗೆ ಸಿಗುವುದಿಲ್ಲ. ಬೇಕಾದವರು ಹೊರಗೆ ಮೆಟ್ಟಿಲ ಮೇಲೆ ಕೂತಿರಬೇಕು, ಅದರ ಗೊಡವೆಯೇ ಇಲ್ಲದವರು ಒಳಗೆ ಹೋಗಿ ತರಬೇಕು. ಪಟ್ಟಿಯಲ್ಲಿ ಪುಸ್ತಕದ ಹೆಸರಿರುತ್ತದೆ, ಕಪಾಟಿನ ಸಂಖ್ಯೆಯೂ ಇರುತ್ತದೆ. ಆಸೆಯಿಂದ ಹೋಗಿ ನೋಡಿದರೆ ಆ ಜಾಗದಲ್ಲಿ ಎರಡು ಬೆರಳಗಲದ ಸಂದಿ, ಒಂದಿಷ್ಟು ಧೂಳು. ನಿಮ್ಮ ಹಿಂದೆಯೇ ಆಕಳಿಸುತ್ತ ಬಂದ ಯಾರೋ ಅದೇ ಸಂದಿಗೆ ಕೈ ಹಾಕಿ ಅದೇ ಪುಸ್ತಕವನ್ನು ಎಳೆದುಕೊಡುತ್ತಾರೆ.

ಹಾಗಾಗಿ ನಮ್ಮಲ್ಲಿ ಓದುವವರೆಲ್ಲ ಜೋಡಿ ಕಟ್ಟಿಕೊಳ್ಳುತ್ತಾರೆ. ಕಾಲೇಜಿಗೆ ಸೇರಿದ ದಿನ ಮೊದಲು ಮಾಡುವ ಕೆಲಸ ಜೋಡಿ ಹುಡುಕುವುದು. ಗಣಿತದವರಿಗೆ ಚರಿತ್ರೆಯವರು, ಚರಿತ್ರೆಯವರಿಗೆ ರಸಾಯನದವರು, ಹೀಗೆ. ಒಂದೇ ವಿಷಯದ ಇಬ್ಬರು ಜೋಡಿಯಾದರೆ ಇಬ್ಬರೂ ಬರಿಗೈ. ಹೊಸದಾಗಿ ಮದುವೆಯಾದ ಗಂಡಹೆಂಡಿರೂ ಆಗುವುದಿಲ್ಲ. ಹತ್ತು ಹನ್ನೆರಡು ವರ್ಷ ಕಳೆದ ಮೇಲೆ ಚೆನ್ನಾಗಿಯೇ ತಂದುಕೊಡುತ್ತಾರೆ ಎಂದು ಹಿರಿಯರು ನಗುತ್ತಾರೆ. ಗ್ರಂಥಪಾಲಕರ ಹುದ್ದೆಗೆ ಅರ್ಜಿ ಹಾಕುವವರು ತಮಗೆ ಓದುವ ಹವ್ಯಾಸವಿಲ್ಲವೆಂದು ಇಬ್ಬರ ಸಾಕ್ಷಿ ಹಾಕಿಸಿ ಕೊಡಬೇಕು. ನಾನು ಚಿಕ್ಕವಳಿದ್ದಾಗ ಇದ್ದವರೊಬ್ಬರಿಗೆ ಕಾದಂಬರಿಯ ರುಚಿ ಹತ್ತಿ, ಅವರನ್ನು ನೀರಿನ ಕಚೇರಿಗೆ ವರ್ಗ ಮಾಡಿದ್ದರು.

ಜೋಡಿಗಳಿಗೆ ಒಂದು ಕಟ್ಟಳೆ ಇದೆ. ಪುಸ್ತಕ ಯಾಕೆ ಬೇಕು ಎಂದು ಕೇಳಬಾರದು; ಕೇಳಿದರೂ ಹೇಳಬಾರದು. ನಾನು ಅದನ್ನು ಮುರಿದೆ.

ಆಗ ನಾನು ಗಣಿತದ ಕೊನೆಯ ವರ್ಷದಲ್ಲಿದ್ದೆ. ಗಣಿತ ಓದುತ್ತೇನೆಂದು ನಾನು ಹೇಳಿದ ದಿನ ನೆಂಟರೆಲ್ಲ ಮುಖ ಮುಖ ನೋಡಿಕೊಂಡಿದ್ದರು. ಯಾಕೆಂದರೆ ನಾನು ತಮ್ಮಯ್ಯನ ಮೊಮ್ಮಗಳು. ನಮ್ಮೂರಿನ ಶಾಲೆಗಳಲ್ಲಿ ಮಕ್ಕಳು ಕೂಡುವುದು ಕಳೆಯುವುದು ತಪ್ಪಿದರೆ ಮೇಷ್ಟ್ರು ‘ತಮ್ಮಯ್ಯನ ಲೆಕ್ಕ’ ಎನ್ನುತ್ತಾರೆ. ಮದುವೆಯಲ್ಲಿ ಅನ್ನ ಸಾಲದೆ ಹೋದರೂ ತಮ್ಮಯ್ಯನ ಲೆಕ್ಕ. ಹಾಗೆ ಅನ್ನುವವರಲ್ಲಿ ಅರ್ಧ ಜನರಿಗೆ ತಮ್ಮಯ್ಯ ಯಾರೆಂದೂ ಗೊತ್ತಿರಲಿಲ್ಲ.

ತಮ್ಮಯ್ಯ ಊರಿನ ಅಳತೆಗಾರ. ಕೆರೆಯ ಏರಿಯನ್ನು ಹೊಸದಾಗಿ ಎತ್ತರಿಸುವಾಗ ಎಷ್ಟು ಎತ್ತರ ಬೇಕೆಂದು ಲೆಕ್ಕ ಹಾಕಿ ಕೊಟ್ಟವನು ಅವನೇ. ಹದಿನೆಂಟು ಮೊಳ ಎಂದ. ಹದಿನೆಂಟು ಮೊಳಕ್ಕೆ ಏರಿ ಕಟ್ಟಿದರು. ಮೂರನೆಯ ವರ್ಷ ಬಿದ್ದ ದೊಡ್ಡ ಮಳೆಗೆ ನೀರು ಏರಿಯ ಮೇಲೆ ಹತ್ತಿ ಹರಿಯಿತು, ಏರಿ ಒಡೆಯಿತು, ಅದರ ಕೆಳಗಿನ ಬೀದಿ ಕೊಚ್ಚಿಹೋಯಿತು. ಹನ್ನೊಂದು ಜನ ಸತ್ತರು. ವಿಚಾರಣೆಗೆ ಬಂದವರು ಮತ್ತೆ ಲೆಕ್ಕ ಮಾಡಿ, ಇಪ್ಪತ್ತೊಂದು ಮೊಳ ಬೇಕಿತ್ತು, ತಮ್ಮಯ್ಯ ಹದಿನೆಂಟು ಬರೆದಿದ್ದಾನೆ, ತಪ್ಪು ಲೆಕ್ಕ ಎಂದು ಬರೆದು ಹೋದರು. ತಾತ ಆಮೇಲೆ ಆರು ವರ್ಷ ಬದುಕಿದ್ದ. ಯಾರು ಏನು ಅಂದರೂ ಒಂದೇ ಮಾತು ಹೇಳುತ್ತಿದ್ದನಂತೆ: “ನಾನು ಬರೆದಿದ್ದೆ.” ಏನನ್ನು ಬರೆದಿದ್ದ ಎಂದು ಕೇಳಿದರೆ ಅಳತೆ ಪುಸ್ತಕ ನೋಡಿ ಎನ್ನುತ್ತಿದ್ದ. ಅಳತೆ ಪುಸ್ತಕ ಕಚೇರಿಯ ಕಾಗದಗಳ ಜೊತೆಗೆ ಗ್ರಂಥಾಲಯ ಸೇರಿತ್ತು. ವಿಚಾರಣೆಯವರಿಗೆ ಅದು ಬೇಕಿತ್ತು, ಅದಕ್ಕೇ ಸಿಗಲಿಲ್ಲ. ಅದರಿಂದ ಬರೆದಿಟ್ಟಿದ್ದ ಒಂದು ನಕಲು ಪ್ರತಿಯನ್ನು ನೋಡಿ ತೀರ್ಪು ಕೊಟ್ಟರು.

ಏರಿ ಒಡೆದಾಗ ನನ್ನ ಅಪ್ಪ ದೊರೆಸ್ವಾಮಿಗೆ ನಾಲ್ಕು ವರ್ಷ. ದೊಡ್ಡವನಾದ ಮೇಲೆ ಅಪ್ಪ ಲೆಕ್ಕದ ಹತ್ತಿರಕ್ಕೂ ಹೋಗದೆ ಮಡಕೆ ಮಾರುವ ಅಂಗಡಿ ಇಟ್ಟ. ಆದರೆ ನಾನು ಏಳನೆಯ ತರಗತಿಯಲ್ಲಿ ಲೆಕ್ಕಕ್ಕೆ ನೂರಕ್ಕೆ ನೂರು ತಂದಾಗ ಆ ಹಾಳೆಯನ್ನು ಅಂಗಡಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಿದ್ದ.

ನಮ್ಮ ಕಾಲೇಜಿನಲ್ಲಿ ಕೊನೆಯ ವರ್ಷದವರೆಲ್ಲ ಒಂದು ಸಂಶೋಧನಾ ಪ್ರಬಂಧ ಬರೆಯಬೇಕು. ಯಾವ ವಿಷಯದವರಾದರೂ ಸರಿ, ಊರಿಗೆ ಸಂಬಂಧಪಟ್ಟಿರಬೇಕು, ಗ್ರಂಥಾಲಯದಿಂದ ಮೂರು ಮೂಲ ಆಕರ ತೋರಿಸಬೇಕು. ಅದನ್ನು ನೋಡಿಕೊಳ್ಳುತ್ತಿದ್ದವರು ಚರಿತ್ರೆಯ ಚನ್ನವೀರಯ್ಯ ಮೇಷ್ಟ್ರು. ಶಾಸನ ಓದುವುದು ಹೇಗೆ, ಹಳೆಯ ಅಂಕಿಗಳನ್ನು ಗುರುತಿಸುವುದು ಹೇಗೆ, ಅಡಿಟಿಪ್ಪಣಿ ಹಾಕುವುದು ಹೇಗೆ ಎಂದು ಅವರು ಪ್ರತಿ ವರ್ಷ ಕಾಲೇಜಿನ ಸಂಚಿಕೆಯಲ್ಲಿ ವಿದ್ಯಾರ್ಥಿಗಳಿಗಾಗಿ ಬರೆಯುತ್ತಿದ್ದರು. “ಆಕರ ಇಲ್ಲದ ಮಾತು ಹರಟೆ” ಎನ್ನುವುದು ಅವರ ಮಾತು. ಆದರೆ ಅವರೇ ಗ್ರಂಥಾಲಯದ ಒಳಗೆ ಕಾಲಿಟ್ಟು ಇಪ್ಪತ್ತಾರು ವರ್ಷವಾಗಿತ್ತು. ಎದುರಿನ ಹೊಂಗೆ ಮರದ ಕೆಳಗೆ ಕಲ್ಲಿನ ಮೇಲೆ ಕೂತು, ನಾವು ತಂದು ತೋರಿಸಿದ್ದನ್ನು ನೋಡುತ್ತಿದ್ದರು. ಮಂಡಿ ನೋವು, ಮೆಟ್ಟಿಲು ಹತ್ತಲಾರರು ಎಂದು ನಾವು ಅಂದುಕೊಂಡಿದ್ದೆವು.

ನಾನು ವಿಷಯ ಹೇಳಿದಾಗ ಅವರು ಮೂಗಿನ ಮೇಲಿದ್ದ ಕನ್ನಡಕ ತೆಗೆದು ಒರೆಸಿದರು. ನನ್ನ ವಿಷಯ ‘ನಮ್ಮೂರಿನ ಮೊಳಗಳು’.

“ಮೊಳದಲ್ಲಿ ಏನಮ್ಮ ಇದೆ ಬರೆಯೋಕೆ?” ಎಂದರು. “ಪಂಚಾಂಗದ ಗಣಿತ ತಗೋ. ಒಳ್ಳೇ ವಿಷಯ, ಯಾರೂ ಮಾಡಿಲ್ಲ.”

“ಇದನ್ನೂ ಯಾರೂ ಮಾಡಿಲ್ಲ ಸರ್.”

“ಮೊಳ ಅಂತ ಹೋದರೆ ಏರಿಗೆ ಬರ್ತೀಯ. ಏರಿಗೆ ಬಂದ್ರೆ ನಿಮ್ಮ ತಾತನ ಹತ್ರ ಬರ್ತೀಯ. ಮನೆಯೋರ ಬಗ್ಗೆ ಬರೆಯೋದು ಕಷ್ಟ ಕಣಮ್ಮ. ಕಣ್ಣು ಮಂಜಾಗುತ್ತೆ.”

ನನಗೆ ಕೋಪ ಬಂತು. ಇವರೂ ಎಲ್ಲರ ಹಾಗೆಯೇ ಎಂದುಕೊಂಡು, ಅದೇ ವಿಷಯಕ್ಕೆ ಹೆಸರು ಬರೆಸಿ ಬಂದೆ.

ನನ್ನ ಜೋಡಿ ಫರೀದಾ. ಅವಳ ಮನೆಯವರದು ಬೇಕರಿ, ಅವಳದು ಚರಿತ್ರೆ. ಮೂರು ವರ್ಷದಲ್ಲಿ ಅವಳು ನನಗೆ ತಂದುಕೊಡದ ಗಣಿತದ ಪುಸ್ತಕವಿಲ್ಲ. ಗಣಿತವೆಂದರೆ ಅವಳಿಗೆ ಅಷ್ಟು ಬೇಸರ. ಚೀಟಿಯನ್ನು ಓದದೆ ಮಡಚಿಕೊಂಡು ಒಳಗೆ ಹೋಗಿ, ಐದೇ ನಿಮಿಷದಲ್ಲಿ ಹೊರಗೆ ಬಂದು, “ತಗೋ, ನಿನ್ನ ಕಷಾಯ” ಎಂದು ಪುಸ್ತಕವನ್ನು ಮಡಿಲಿಗೆ ಹಾಕುತ್ತಿದ್ದಳು. ನಾನು ಅವಳಿಗೆ ರಾಜರು, ಯುದ್ಧಗಳು, ದಾನಶಾಸನಗಳನ್ನು ಅಷ್ಟೇ ನಿರಾಸಕ್ತಿಯಿಂದ ತಂದುಕೊಡುತ್ತಿದ್ದೆ.

ಮೊದಲನೆಯ ಆಕರ ಒಂದೇ ದಿನದಲ್ಲಿ ಸಿಕ್ಕಿತು. ಬಟ್ಟೆ ಬೀದಿಯ ವರ್ತಕರ ಹಳೆಯ ನಡಾವಳಿ ಅದು. ಅಂಗಡಿ ಮೊಳಕ್ಕೆ ಇಪ್ಪತ್ನಾಲ್ಕು ಬೆರಳು ಎಂದು ಅದರಲ್ಲಿತ್ತು. ಮೊಳವೆಂದರೆ ಮೊಣಕೈಯಿಂದ ಬೆರಳ ತುದಿಯವರೆಗೆ ಎಂದು ಎಲ್ಲರಿಗೂ ಗೊತ್ತು. ಆದರೆ ಒಬ್ಬೊಬ್ಬರ ಕೈ ಒಂದೊಂದು ಅಳತೆ, ಅದಕ್ಕೇ ಊರಿಗೆ ಒಂದು ಕಬ್ಬಿಣದ ಮೊಳ ಮಾಡಿಟ್ಟುಕೊಂಡಿದ್ದರು. ಎರಡನೆಯ ಆಕರಕ್ಕೆ ನಾಲ್ಕು ದಿನ ಹಿಡಿಯಿತು. ಅದು ಗುಡಿಯ ಕಂಬಗಳ ಮೇಲಿನ ಗುರುತುಗಳನ್ನು ಕಾಗದಕ್ಕೆ ಇಳಿಸಿಕೊಂಡ ಪುಸ್ತಕ. ಅದರಲ್ಲಿ ಇನ್ನೊಂದು ಮೊಳವಿತ್ತು. ಗುಡಿ ಮೊಳ. ಇಪ್ಪತ್ತೆಂಟು ಬೆರಳು. ಗುಡಿ, ಕೆರೆ, ಬಾವಿ ಕಟ್ಟುವಾಗ ಹಿಂದಿನವರು ಅದನ್ನೇ ಬಳಸುತ್ತಿದ್ದರಂತೆ. ನಮ್ಮ ಕಾಲಕ್ಕೆ ಅಂಥದ್ದೊಂದು ಇತ್ತೆಂದೂ ಯಾರಿಗೂ ನೆನಪಿರಲಿಲ್ಲ.

ಮೆಟ್ಟಿಲ ಮೇಲೆ ಕೂತು ಹದಿನೆಂಟನ್ನು ಇಪ್ಪತ್ತೆಂಟರಿಂದ ಗುಣಿಸಿದೆ. ಐನೂರ ನಾಲ್ಕು ಬೆರಳು. ಅದನ್ನು ಇಪ್ಪತ್ನಾಲ್ಕರಿಂದ ಭಾಗಿಸಿದೆ. ಶೇಷವಿಲ್ಲದೆ ಇಪ್ಪತ್ತೊಂದು ಬಂತು. ಮತ್ತೆ ಮಾಡಿದೆ. ಇಪ್ಪತ್ತೊಂದೇ ಬಂತು.

ತಾತ ಹೇಳಿದ್ದು ಗುಡಿ ಮೊಳದ ಹದಿನೆಂಟು. ಕಟ್ಟಿದವರು ಅಂಗಡಿ ಮೊಳದಲ್ಲಿ ಹದಿನೆಂಟು ಕಟ್ಟಿದರು. ಮೂರು ಮೊಳ ಕಡಿಮೆಯಾಯಿತು.

ಆದರೂ ಇದು ನನ್ನ ಊಹೆ ಅಷ್ಟೇ. ತಾತ ಗುಡಿ ಮೊಳ ಎಂದೇ ಬರೆದಿದ್ದ ಎನ್ನುವುದಕ್ಕೆ ಆಕರವೆಲ್ಲಿ? ಮೂರನೆಯ ಚೀಟಿಯಲ್ಲಿ ‘ಅಳತೆ ಪುಸ್ತಕ, ಕೆರೆ ಏರಿ’ ಎಂದು ಬರೆದು ಫರೀದಾಳ ಕೈಗೆ ಕೊಟ್ಟೆ. ನನ್ನ ಮುಖ ನೋಡಿ ಅವಳು ಅಲ್ಲೇ ನಿಂತಳು.

“ಏನಾಯ್ತೇ? ಯಾಕಿಷ್ಟು ಬೆವರ್ತಿದೀಯ?” ಎಂದಳು. “ಏನಿದೆ ಇದ್ರಲ್ಲಿ?”

ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಮುಚ್ಚಿಕೊಳ್ಳಲಾಗಲಿಲ್ಲ. ಹದಿನೆಂಟು, ಇಪ್ಪತ್ತೊಂದು, ತಾತ, ಅಪ್ಪ, ಶಾಲೆಯಲ್ಲಿ ನನ್ನ ಬೆನ್ನ ಹಿಂದೆ ನಕ್ಕವರು, ಎಲ್ಲವನ್ನೂ ಹೇಳಿಬಿಟ್ಟೆ. ಗುಣಾಕಾರ ಕಂಡರೆ ಮೂಗು ಮುರಿಯುತ್ತಿದ್ದ ಹುಡುಗಿ ನನ್ನ ಲೆಕ್ಕವನ್ನು ಎರಡು ಸಲ ಬೆರಳಿಟ್ಟು ನೋಡಿದಳು. ಅವಳ ಕಣ್ಣು ತುಂಬಿತು. ಓಡುತ್ತಲೇ ಒಳಗೆ ಹೋದಳು.

ಒಂದು ಗಂಟೆಯಾದರೂ ಬರಲಿಲ್ಲ. ಬಂದಾಗ ಅವಳ ಕೈ ಬರಿದಾಗಿತ್ತು.

“ಸಂದಿ ಇದೆ,” ಎಂದಳು. “ಪುಸ್ತಕ ಇಲ್ಲ ಕಣೇ.”

ಮಾರನೆಯ ದಿನವೂ ಇಲ್ಲ. ಎಂಟು ದಿನ ಹೋದಳು. ಎಂಟು ದಿನವೂ ಧೂಳು ಹಿಡಿದ ಬೆರಳುಗಳನ್ನು ಒರೆಸಿಕೊಳ್ಳುತ್ತ ಬಂದಳು. ನನಗೆ ಏನೆಂದು ತಿಳಿಯಬೇಕೋ ತಿಳಿಯಲಿಲ್ಲ. ಮೂರು ವರ್ಷದಲ್ಲಿ ಒಂದು ಸಲವೂ ಬರಿಗೈಯಲ್ಲಿ ಬಾರದವಳು ಇದೊಂದಕ್ಕೆ ಯಾಕೆ ಹೀಗೆ? ಆಗ ನನ್ನ ತಲೆಗೆ ಒಂದು ಕೆಟ್ಟ ಯೋಚನೆ ಬಂತು. ಏರಿ ಒಡೆದಾಗ ಅವಳ ತಾತನ ಬೇಕರಿಯೂ ಆ ಬೀದಿಯಲ್ಲೇ ಇತ್ತು. ಒಲೆ ಕೊಚ್ಚಿಹೋಗಿ, ಅವರ ಮನೆಯವರು ಎಷ್ಟೋ ವರ್ಷ ಬೇರೆಯವರ ಅಂಗಡಿಯಲ್ಲಿ ದುಡಿದಿದ್ದರು. ಒಂಬತ್ತನೆಯ ದಿನ ಕೇಳಿಯೇ ಬಿಟ್ಟೆ.

“ಸಿಕ್ಕಿದೆ ಅಲ್ವಾ ನಿಂಗೆ? ಬಚ್ಚಿಟ್ಟಿದೀಯ. ನಮ್ಮ ತಾತ ತಪ್ಪು ಮಾಡ್ದ ಅಂತಲೇ ಇರಬೇಕು ನಿಮಗೆ.”

ಅವಳು ಸಿಟ್ಟಾಗಲಿಲ್ಲ. ಅದೇ ನನ್ನನ್ನು ಇನ್ನೂ ಗಲಿಬಿಲಿ ಮಾಡಿತು. ನನ್ನ ಪಕ್ಕದ ಮೆಟ್ಟಿಲ ಮೇಲೆ ಕೂತಳು.

“ಅಂಬುಜಾ, ನಂಗೂ ಬೇಕು ಕಣೇ ಅದು. ನಿನಗಿಂತ ಜಾಸ್ತಿ ಬೇಕೇನೋ. ಅದಕ್ಕೇ ಸಿಗ್ತಿಲ್ಲ.”

ಎಷ್ಟು ಸರಳವಾದ ವಿಷಯ. ಹುಟ್ಟಿದಾಗಿನಿಂದ ಈ ಊರಿನಲ್ಲಿದ್ದು ನನಗೆ ಅದು ಹೊಳೆದಿರಲಿಲ್ಲ. ನನಗಾಗಿ ಮರುಗುವ ಒಬ್ಬಳನ್ನು ಮಾಡಿಕೊಂಡು ನಾನು ನನ್ನ ಜೋಡಿಯನ್ನು ಕಳೆದುಕೊಂಡಿದ್ದೆ. ಅದಕ್ಕೆ ಸಂತೋಷ ಪಡಬೇಕೋ ದುಃಖ ಪಡಬೇಕೋ ತಿಳಿಯದೆ ಅವಳ ಭುಜಕ್ಕೆ ತಲೆಯಿಟ್ಟು ಅತ್ತೆ. ತಪ್ಪಾಯಿತು ಎಂದೆ. “ಹೋಗ್ಲಿ ಬಿಡು,” ಎಂದಳು.

ಆಮೇಲೆ ಬೇರೆಯವರನ್ನು ಕೇಳಿದೆ. ಯಾರನ್ನು ಕೇಳಿದರೂ ನಾನು ಯಾರ ಮೊಮ್ಮಗಳೆಂದು ಅವರಿಗೆ ಗೊತ್ತು. ಕೆರೆ ಏರಿ ಎಂದ ಕೂಡಲೇ ಅವರ ಕಿವಿ ನೆಟ್ಟಗಾಗುತ್ತಿತ್ತು. ಕೆಲವರಿಗೆ ತಾತ ತಪ್ಪು ಮಾಡಿರಲಿ ಎಂದಿತ್ತು, ಕೆಲವರಿಗೆ ಮಾಡಿರದಿರಲಿ ಎಂದಿತ್ತು, ಉಳಿದವರಿಗೆ ಸುಮ್ಮನೆ ಕುತೂಹಲ. ಮೂರೂ ಒಂದೇ. ಯಾರಿಗೂ ಸಿಗಲಿಲ್ಲ. ಗ್ರಂಥಪಾಲಕರನ್ನೇ ಕೇಳಿದೆ. ಅವರು ತಲೆ ಅಲ್ಲಾಡಿಸಿ, “ಬೇಡಮ್ಮ. ನಮ್ಮ ಅತ್ತೆ ಆ ಬೀದಿಯೋರು. ಅದೊಂದರಲ್ಲಿ ನಂಗೂ ಆಸಕ್ತಿ ಇದೆ. ಈ ಮಾತು ಯಾರಿಗೂ ಹೇಳ್ಬೇಡ, ಕೆಲಸ ಹೋಗುತ್ತೆ,” ಎಂದರು.

ಪ್ರಬಂಧ ಕೊಡುವ ಕೊನೆಯ ದಿನ ಬಂತು. ಎರಡೇ ಆಕರಗಳಿದ್ದ ಹಸ್ತಪ್ರತಿಯನ್ನು ಹಿಡಿದುಕೊಂಡು ಹೊಂಗೆ ಮರದ ಹತ್ತಿರ ಹೋದೆ. ಚನ್ನವೀರಯ್ಯ ಮೇಷ್ಟ್ರು ಒಬ್ಬರೇ ಕೂತಿದ್ದರು. ಫರೀದಾ ನನ್ನ ಜೊತೆಗಿದ್ದಳು.

“ಮೂರನೇದು ಸಿಗಲಿಲ್ಲ ಸರ್,” ಎಂದೆ. “ಸಿಕ್ಕಿದಷ್ಟಕ್ಕೆ ಅಂಕ ಕೊಡಿ.”

ಅವರು ಪ್ರಬಂಧವನ್ನು ಮೊದಲ ಪುಟದಿಂದ ಓದತೊಡಗಿದರು. ಅವರು ಯಾವಾಗಲೂ ಒಂದೊಂದು ಸಾಲನ್ನೂ ಓದುವವರು. ನಾವು ನಿಂತೇ ಇದ್ದೆವು. ಏರಿಯ ಭಾಗ ಬಂದಾಗ ಅವರ ಬೆರಳು ನಿಂತಿತು. ಅಲ್ಲಿ ನಾನು ಹೀಗೆ ಬರೆದಿದ್ದೆ: ‘ಏರಿಯ ಎತ್ತರ ಹದಿನೆಂಟು ಮೊಳವೆಂದು ತಮ್ಮಯ್ಯನವರು ಬರೆದರು. ಅದು ಯಾವ ಮೊಳವೆಂದು ತಿಳಿದುಬಂದಿಲ್ಲ.’

“ಗುಡಿ ಮೊಳ ಅಂತಲೇ ಬರೀಬಹುದಿತ್ತಲ್ಲಮ್ಮ,” ಎಂದರು. “ಲೆಕ್ಕ ಸರಿಹೋಗುತ್ತೆ. ನಿಂಗೆ ಗೊತ್ತಾಗಿದೆ.”

“ಆಕರ ಇಲ್ಲವಲ್ಲ ಸರ್.”

ಅವರು ಹಸ್ತಪ್ರತಿಯನ್ನು ಕಲ್ಲಿನ ಮೇಲಿಟ್ಟು, ಗಾಳಿಗೆ ಹಾರದಂತೆ ಅದರ ಮೇಲೆ ಛತ್ರಿಯಿಟ್ಟು ಎದ್ದರು. ಬೀದಿ ದಾಟಿ ಗ್ರಂಥಾಲಯದ ಮೆಟ್ಟಿಲು ಹತ್ತಿದರು. ಮಂಡಿ ನೋವಿನವರ ಹಾಗೆ ಹತ್ತಲಿಲ್ಲ. ಮೆಟ್ಟಿಲ ಮೇಲೆ ಕೂತಿದ್ದವರೆಲ್ಲ ಮಾತು ನಿಲ್ಲಿಸಿ ದಾರಿ ಬಿಟ್ಟರು.

ಒಳಗೆ ಹೋಗಿ ಒಂದು ನಿಮಿಷವೂ ಆಗಿರಲಿಲ್ಲ, ಹೊರಗೆ ಬಂದರು. ಕೈಯಲ್ಲಿ ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಪುಸ್ತಕವಿತ್ತು.

“ತಗೋ,” ಎಂದರು. “ನಿಮ್ಮ ತಾತಂದು.”

ನನಗೆ ಕೈ ಚಾಚಲೂ ಆಗಲಿಲ್ಲ. ಫರೀದಾಳೇ ತೆಗೆದುಕೊಂಡಳು.

“ನಿಮಗೆ ಹೇಗೆ ಸಿಕ್ತು ಸರ್?” ಎಂದು ಕೇಳಿದೆ.

“ನಂಗೆ ಯಾವಾಗ್ಲೂ ಸಿಗುತ್ತೆ.” ಅವರು ಕಲ್ಲಿನ ಮೇಲೆ ಕೂತರು. “ಮೊದಲ ಸಲ ಸಿಕ್ಕಾಗ ಏನೂ ಗೊತ್ತಿರಲಿಲ್ಲ, ತೆಗೆದು ಓದ್ದೆ. ಆಮೇಲೆ ಶಾಸನದ ಪುಸ್ತಕ ತರೋಕೆ ಹೋದ್ರೆ ಇದು. ನಿಘಂಟು ತೆಗೆಯೋಕೆ ಹೋದ್ರೆ ಅದರ ಹಿಂದೆ ಇದು. ಒಂದ್ಸಲ ಮಳೆ ಬಂತು ಅಂತ ಒಳಗೆ ನಿಂತೆ ಅಷ್ಟೇ, ಮೇಲಿಂದ ಕಾಲ ಮೇಲೆ ಬಿತ್ತು. ಪ್ರತಿ ಸಲ ಹೊಸ ಹೊಸ ಜಾಗದಲ್ಲಿ ಇಟ್ಟುಬಂದೆ. ಕೊನೆಗೆ ಒಳಗೆ ಹೋಗೋದೇ ಬಿಟ್ಟೆ. ಬೇಕು ಅನ್ನೋರಿಗೆ ಸಿಗಲ್ಲ ಅನ್ನೋದು ನಿಮಗೆಲ್ಲ ಗೊತ್ತು. ಬೇಡ್ವೇ ಬೇಡ ಅನ್ನೋನಿಗೆ ಏನಾಗುತ್ತೆ ಅಂತ ನಂಗೆ ಮಾತ್ರ ಗೊತ್ತು.”

“ಇವತ್ತು ನಮಗೋಸ್ಕರ ತರಬೇಕು ಅಂತ ಹೋದ್ರಲ್ಲ. ಹಾಗಾದ್ರೆ ಸಿಗಬಾರದಿತ್ತು,” ಎಂದಳು ಫರೀದಾ.

“ಇವತ್ತೂ ನಂಗೆ ಬೇಡವಾಗೇ ಇತ್ತಮ್ಮ,” ಎಂದರು ಮೇಷ್ಟ್ರು. “ಅದಕ್ಕೇ ಸಿಕ್ತು.”

ಪುಸ್ತಕ ತೆರೆದೆವು. ಮೊದಲ ಪುಟದಲ್ಲೇ ತಾತನ ದಪ್ಪ ಅಕ್ಷರಗಳಲ್ಲಿತ್ತು: ‘ಈ ಪುಸ್ತಕದಲ್ಲಿ ಬರುವ ಮೊಳವೆಲ್ಲ ಗುಡಿ ಮೊಳ.’ ಫರೀದಾ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಏರಿಯ ಪುಟ ತೆರೆದಾಗ ಅದರೊಳಗೆ ಮಡಚಿಟ್ಟ ಕಾಗದವೊಂದು ಸಿಕ್ಕಿತು. ಕಟ್ಟುವವರಿಗೆ ಕೊಡಲು ಮಾಡಿದ ಪ್ರತಿ; ಅಂಥದ್ದೊಂದು ಕಚೇರಿಗೆ ಹೋಗಿ, ಇನ್ನೊಂದು ಈ ಪುಸ್ತಕದೊಳಗೆ ಉಳಿದಿತ್ತು. ಮುತ್ತು ಪೋಣಿಸಿದಂಥ ಅಕ್ಷರ. ‘ಎತ್ತರ ಹದಿನೆಂಟು ಮೊಳ’ ಎಂದಿತ್ತು. ಗುಡಿ ಎಂಬ ಮಾತು ಎಲ್ಲೂ ಇರಲಿಲ್ಲ.

“ಅದು ನಮ್ಮ ತಂದೆಯವರ ಅಕ್ಷರ,” ಎಂದರು ಮೇಷ್ಟ್ರು. “ಗುರುಶಾಂತಯ್ಯ. ಕಚೇರಿಯಲ್ಲಿ ಪ್ರತಿ ಮಾಡ್ತಿದ್ರು. ಏರಿ ಪುಟ ಒಂದನ್ನೇ ಪ್ರತಿ ಮಾಡಿದ್ರು, ಮೊದಲ ಪುಟದ ಮಾತು ಬಿಟ್ಟುಹೋಯ್ತು. ಇಷ್ಟೇ. ಎರಡಕ್ಷರ. ಅವರು ಸಾಯೋವರೆಗೂ ಊರೆಲ್ಲ ಅವರ ಬರವಣಿಗೇನ ಹೊಗಳ್ತಿತ್ತು. ತಪ್ಪಿನ ಹೆಸರು ನಿಮ್ಮ ಮನೆಗೆ ಬಂತು. ನಾನು ಚರಿತ್ರೆ ಪಾಠ ಹೇಳ್ತಾ ಕೂತೆ.”

“ಇದನ್ನ ಸುಟ್ಟುಹಾಕಬಹುದಿತ್ತಲ್ಲ ನೀವು,” ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

“ಆಕರ ಸುಡೋದಾ?” ಎಂದರು. ಅವರಿಗೆ ನಿಜವಾಗಿಯೂ ನೋವಾಯಿತು. ಆಮೇಲೆ ಮೆಲ್ಲಗೆ, “ಆ ಕಾಗದ ಕೆಳಗಿನವರೆಗೂ ಓದಮ್ಮ,” ಎಂದರು.

ಕೆಳಗೆ ಒಂದು ಸಾಲಿತ್ತು. ‘ಓದಿ ನೋಡಿದೆ, ಸರಿಯಿದೆ.’ ಅದರ ಕೆಳಗೆ ತಾತನ ರುಜು. ಅದೇ ದಪ್ಪ ಅಕ್ಷರ.

ನಾನು ಆ ಸಾಲನ್ನು ಎಷ್ಟು ಸಲ ಓದಿದೆನೋ. ತಾತ ಓದಿರಲಿಲ್ಲ. ಅಥವಾ ಓದಿಯೂ ಅವನ ಮನಸ್ಸಿಗೆ ಮೊಳವೆಂದರೆ ಗುಡಿ ಮೊಳವೇ ಆಗಿದ್ದರಿಂದ ಕಾಣಲಿಲ್ಲ. ಅಥವಾ ಕೆಲಸದ ಅವಸರವಿತ್ತು. ‘ನಾನು ಬರೆದಿದ್ದೆ’ ಎನ್ನುತ್ತಿದ್ದವನು ಈ ರುಜುವಿನ ಮಾತನ್ನು ಒಂದು ದಿನವೂ ಯಾಕೆ ಹೇಳಲಿಲ್ಲ? ಮರೆತಿದ್ದನೇ, ನೆನಪಿತ್ತೇ? ಹತ್ತು ನಿಮಿಷದ ಹಿಂದಿನವರೆಗೂ ನನ್ನ ಲೆಕ್ಕಕ್ಕೆ ಶೇಷವಿರಲಿಲ್ಲ. ಈಗ ಯಾರನ್ನು ಯಾರಿಂದ ಕಳೆಯಬೇಕೆಂದು ನನಗೆ ತಿಳಿಯಲಿಲ್ಲ. ಎದುರಿಗೆ ಕೂತಿದ್ದ ಮೇಷ್ಟ್ರ ಮೇಲೆ ಕೋಪ ಬರಬೇಕಿತ್ತು, ಬಂತು. ಆದರೆ ತಾತನ ರುಜು ಕಣ್ಣಿಗೆ ಬೀಳುತ್ತಲೇ ಇದ್ದುದರಿಂದ ಅದು ಅವರೊಬ್ಬರ ಮೇಲೆ ನಿಲ್ಲಲಿಲ್ಲ.

“ಪ್ರಬಂಧಕ್ಕೆ ಇನ್ನೂ ಒಂದು ವಾರ ತಗೋ,” ಎಂದರು. “ಎಲ್ಲಾ ಬರಿ. ಪುಸ್ತಕದಲ್ಲಿ ಇರೋದು, ಪ್ರತಿಯಲ್ಲಿ ಇಲ್ಲದ್ದು, ರುಜು. ಯಾವ ಹೆಸರನ್ನೂ ಬಿಡಬೇಡ. ನಮ್ಮ ತಂದೇದೂ.”

ಮನೆಗೆ ಹೋಗಿ ಅಪ್ಪನಿಗೆ ಹೇಳಿದೆ. ಅಪ್ಪ ಅಂಗಡಿಯ ಮಡಕೆಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದ. ಗುಡಿ ಮೊಳದ ಮಾತು ಕೇಳುತ್ತಿದ್ದಂತೆ ಅವನ ಮುಖ ಅರಳಿತು. “ನೋಡ್ದಾ! ನೋಡ್ದಾ! ಅಪ್ಪ ಬರೆದಿದ್ದೆ ಅಂತಿದ್ದ!” ಎಂದು ಕೂಗಿ, ಒಳಗಿದ್ದ ಅಮ್ಮನನ್ನೂ ಕರೆದ. ರುಜುವಿನ ವಿಷಯಕ್ಕೆ ಬಂದಾಗ ಕೈಯಲ್ಲಿದ್ದ ಮಡಕೆಯನ್ನು ಕೆಳಗಿಟ್ಟ. ಹೇಳದೆ ಬಿಡಬಹುದಿತ್ತು ಎಂದು ನನಗೆ ಆ ಕ್ಷಣ ಅನ್ನಿಸಿತು. ಆದರೆ ಪ್ರಬಂಧದಲ್ಲಿ ಬರೆಯುವುದನ್ನು ಮನೆಯಲ್ಲಿ ಮುಚ್ಚಿಡುವುದು ಹೇಗೆ?

“ಅಂದ್ರೆ ಅಪ್ಪಂದೂ ತಪ್ಪಿದೆ,” ಎಂದ.

“ಸ್ವಲ್ಪ ಇದೆ ಅಪ್ಪ.”

“ಎಷ್ಟು?”

ಗಣಿತ ಓದಿದ ಮಗಳು ಉತ್ತರ ಕೊಡುತ್ತಾಳೆಂದು ಅವನು ಕಾದ.

ಎರಡು ದಿನ ಅಪ್ಪ ಊಟ ಮಾಡುತ್ತಿದ್ದ, ಅಂಗಡಿಗೆ ಹೋಗುತ್ತಿದ್ದ, ಮಾತಾಡುತ್ತಿರಲಿಲ್ಲ. ನಲವತ್ತೆಂಟು ವರ್ಷ ಊರಿನ ಎದುರು ತನ್ನ ತಂದೆಯ ಪರವಾಗಿ ನಿಂತಿದ್ದವನಿಗೆ ಈಗ ಯಾವ ಕಡೆ ನಿಲ್ಲಬೇಕೆಂದು ಗೊತ್ತಾಗಿರಲಿಕ್ಕಿಲ್ಲ. ಮೂರನೆಯ ದಿನ ಸಂಜೆ ಚನ್ನವೀರಯ್ಯ ಮೇಷ್ಟ್ರು ನಮ್ಮ ಅಂಗಡಿಗೆ ಬಂದರು. ಜನ್ಮದಲ್ಲಿ ಮೊದಲ ಸಲ. ಅಪ್ಪ ಎದ್ದು ನಿಂತ. ಬೈಯುತ್ತಾನೋ ಏನೋ ಎಂದು ನಾನು ಹೆದರಿದೆ.

“ದೊರೆಸ್ವಾಮಿ, ನಿನ್ನ ಮಗಳ ಪ್ರಬಂಧ ಗ್ರಂಥಾಲಯದ ಕಪಾಟು ಸೇರೋಕೆ ಮುಂಚೆ ಒಬ್ಬರ ಕಿವಿಗೆ ಬೀಳಬೇಕು,” ಎಂದರು ಮೇಷ್ಟ್ರು. “ಸತ್ತ ಹನ್ನೊಂದು ಜನರ ಮನೆಯೋರಲ್ಲಿ ಇನ್ನೂ ಊರಲ್ಲಿರೋಳು ಹೊನ್ನಜ್ಜಿ ಒಬ್ಬಳೇ. ನಾನು ಹೋಗಿ ಹೇಳ್ತೀನಿ. ನೀನು ಬಾ ಅಂತ ಕೇಳೋಕೆ ನಂಗೆ ಬಾಯಿಲ್ಲ.”

ಅಪ್ಪ ಗೂಟಕ್ಕೆ ಹಾಕಿದ್ದ ಅಂಗಿ ತೆಗೆದು ತೊಟ್ಟುಕೊಂಡ. “ನಡೀರಿ,” ಎಂದ. ಅಷ್ಟೇ.

ಮೂವರೂ ಹೋದೆವು. ಏರಿಯನ್ನು ಈಗ ಕಲ್ಲಿನಿಂದ ಕಟ್ಟಿದ್ದಾರೆ. ಅದರ ಕೆಳಗೆ ಸಾಲಾಗಿ ಹತ್ತು ಹನ್ನೆರಡು ಮನೆಗಳು, ಕೊನೆಯದು ಹೊನ್ನಜ್ಜಿಯದು. ಎಪ್ಪತ್ತೈದು ದಾಟಿದ, ಸಣ್ಣ ಕಾಯದ ಹೆಂಗಸು. ಬಾಗಿಲಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ನಮ್ಮನ್ನು ನೋಡಿ ಕೈ ನಿಲ್ಲಿಸಲಿಲ್ಲ.

ಮೇಷ್ಟ್ರು ಹೇಳಿದರು. ತರಗತಿಯಲ್ಲಿ ಗಂಟೆಗಟ್ಟಲೆ ನಿರರ್ಗಳವಾಗಿ ಮಾತಾಡುತ್ತಿದ್ದವರು ಅಲ್ಲಿ ತಡವರಿಸಿದರು. ತಮ್ಮ ತಂದೆಯ ಹೆಸರು ಹೇಳುವಾಗ ಎರಡು ಸಲ ನಿಲ್ಲಿಸಿದರು. ಆಮೇಲೆ ಅಪ್ಪ, “ಕೆಳಗೆ ರುಜು ನಮ್ಮಪ್ಪಂದು ಕಣವ್ವ. ಓದದೆ ಹಾಕಿದ್ದ,” ಎಂದ. ನಾನು ಎರಡು ಮೊಳಗಳ ವ್ಯತ್ಯಾಸ ವಿವರಿಸಲು ಹೊರಟೆ. ಅಜ್ಜಿ ಕೈ ಎತ್ತಿ ನನ್ನನ್ನು ತಡೆದಳು.

“ಎಷ್ಟು ಕಮ್ಮಿ ಬಿತ್ತು ಅಂದ್ರಿ?”

“ಮೂರು ಮೊಳ, ಅಜ್ಜಿ.”

“ಮೂರು ಮೊಳ,” ಎಂದಳು. ಕೈಯಲ್ಲಿದ್ದ ಹುಣಸೆಹಣ್ಣನ್ನು ಪೂರ್ತಿ ಬಿಡಿಸಿದಳು. “ನನ್ ಮಗ ಕೆಂಚ ಎರಡು ಮೊಳವೂ ಇರ್ಲಿಲ್ಲ.”

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಯಾರ ತಪ್ಪು ಎಂದು ಕೇಳಲಿಲ್ಲ. ಕೇಳಿದ್ದರೆ ನಮಗೆ ಹಗುರಾಗುತ್ತಿತ್ತೇನೋ. ಮೇಷ್ಟ್ರು ಕ್ಷಮಿಸಬೇಕು ಎಂದೇನೋ ಹೇಳತೊಡಗಿದರು, ಅವಳು ಅವರ ಕಡೆ ನೋಡಲೇ ಇಲ್ಲ. ಅಪ್ಪನನ್ನು ನೋಡುತ್ತಿದ್ದಳು.

“ನೀನು ತಮ್ಮಯ್ಯನ ಹುಡುಗ ಅಲ್ವಾ? ದೊರೆ?”

“ಹೌದವ್ವ.”

“ನೀನೂ ಕೆಂಚನೂ ಒಂದೇ ಓರಿಗೆ. ಮೂರು ತಿಂಗಳಿಗೆ ಅವನು ದೊಡ್ಡೋನು. ಇದೇ ಬೀದೀಲಿ ಇಬ್ಬರೂ ಬರಿಮೈಯಲ್ಲಿ ಓಡ್ತಿದ್ರಿ. ನೆನಪಿದೆಯಾ?”

“ಇಲ್ಲವ್ವ,” ಎಂದ ಅಪ್ಪ.

“ನಿಂಗೆಲ್ಲಿ ಇರುತ್ತೆ. ಕೂಸು.” ಅವಳು ಕೈಯ ಹುಣಸೆ ನಾರನ್ನು ಒರೆಸಿಕೊಂಡು, ಬಾಗಿಲ ಚೌಕಟ್ಟು ಹಿಡಿದು ನಿಧಾನವಾಗಿ ಎದ್ದಳು. “ಎದ್ದೇಳು. ನೆಟ್ಟಗೆ ನಿಂತ್ಕೋ.”

ಜಗಲಿಯ ಮೇಲೆ ಕೂತಿದ್ದ ಅಪ್ಪ ಎದ್ದು ನಿಂತ. ಅವಳು ಅವನ ಎದುರಿಗೆ ಬಂದಳು. ಅವನ ಪಾದದಿಂದ ಶುರುಮಾಡಿ ಮಂಡಿ, ಸೊಂಟ, ಎದೆ, ಹೀಗೆ ಮೇಲಕ್ಕೆ ನೋಡುತ್ತ ಹೋದಳು. ಅವನ ತಲೆ ನೋಡಲು ಅವಳು ಕತ್ತೆತ್ತಬೇಕಾಯಿತು. ಬೋಳಾಗುತ್ತಿದ್ದ ನೆತ್ತಿ, ಕಿವಿಯ ಮೇಲಿನ ನರೆ, ಎಲ್ಲವನ್ನೂ ನೋಡಿದಳು.

“ಇಷ್ಟಾಗಿರ್ತಿದ್ದ,” ಎಂದಳು.

ಹೊತ್ತು ಮುಳುಗುತ್ತಿತ್ತು. ಮೇಷ್ಟ್ರು ನೆಲ ನೋಡುತ್ತಿದ್ದರು. ಅಜ್ಜಿಗೆ ನೋಡಿ ಸಾಕಾಗಲಿಲ್ಲ. ಅವಳು ಕೂತ್ಕೋ ಎನ್ನುವವರೆಗೆ ಅಪ್ಪ ಅಲ್ಲಾಡದೆ ನಿಂತೇ ಇದ್ದ.